ಹಗ್ಗ ಮುಟ್ಟಿದವರ ಪಾಲು

ನರೇಶ,

ಮಗನ ಹೆಸರಿಗೆ ಮೊದಲು ‘ಚಿರಂಜೀವಿ’ ಎಂದು ಬರೆಯುವುದು ನಮ್ಮ ಪದ್ಧತಿ. ಆ ಪದವನ್ನು ಬರೆಯಲು ಕೈ ಏಳಲಿಲ್ಲ.

ಇಂದು ಬೆಳಿಗ್ಗೆ ಅಪ್ಸರಕೊಂಡದ ದಂಡೆಯಲ್ಲಿ ಏಳೆಂಟು ಮಂದಿ ಸಣ್ಣದೊಂದು ಬಲೆ ಎಳೆಯುತ್ತಿದ್ದರು. ಬೀಗ ಹಾಕಿದ ಮನೆಗಳನ್ನು ದಾಟಿ ಹೋಗಿ, ನಾನೂ ಹಗ್ಗಕ್ಕೆ ಕೈ ಕೊಟ್ಟೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿದ್ದ ಯುವಕ, “ಅಂಕಲ್, ಫೋಟೊ ಆತಲ್ಲ, ಬಿಡಿ. ಕೈ ಸುಲಿತದೆ,” ಎಂದ. ವರ್ಷಗಳಿಂದ ದಂಡೆಗೆ ಇಳಿಯದ ನನ್ನನ್ನು ಪ್ರವಾಸಿಯೆಂದು ಭಾವಿಸಿದ್ದ. ಹುಟ್ಟಿದ ಊರಿನಲ್ಲಿ ನಿಂತು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಮಾತಿಗೆ ನನಗೆಂದೂ ಕೊರತೆಯಿರಲಿಲ್ಲವೆಂಬುದನ್ನು ನೀನು ಬಲ್ಲೆ. ಯಂತ್ರದ ಬೋಟುಗಳ ಕಾಲದಲ್ಲಿ ಊರೊಟ್ಟಿನ ದೊಡ್ಡ ಬಲೆ ಏಕೆ, ಮಾರೋಣ ಎಂದು ನಾನು ಸಭೆಯಲ್ಲಿ ವಾದಿಸಿದಾಗ ನೀನೊಬ್ಬನೇ ವಿರೋಧಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆಯಿಂದ ಎಲ್ಲರೆದುರು ನಿನ್ನ ಬಾಯಿ ಮುಚ್ಚಿಸಿದೆ. ಬಲೆ ಹೋಯಿತು, ಎಳೆಯುತ್ತಿದ್ದವರು ಚದುರಿದರು. ನೀನು ಹತ್ತಿದ ಪರವೂರಿನ ಬೋಟು ಮರಳಲಿಲ್ಲ.

ಮೀನು ಹಂಚುತ್ತಿದ್ದ ದುರ್ಗಮ್ಮ ಆ ಯುವಕನನ್ನು ಗದರಿದಳು: “ಅವ್ರು ಇಲ್ಲಿಯವ್ರೇ ಮಾರಾಯ, ನರೇಶನ ಅಪ್ಪ!”

ಹಗ್ಗ ಮುಟ್ಟಿದವರಿಗೆಲ್ಲ ಪಾಲುಂಟಷ್ಟೆ. ಆಕೆ ನನ್ನೆದುರು ಎರಡು ಪಾಲು ಇಟ್ಟಳು. “ಇದು ನಿಮ್ದು. ಇದು ನರೇಶಂದು.”

ಎಳೆಯದವನಿಗೆ ಪಾಲು ಕೊಡುವ ಕ್ರಮವಿಲ್ಲ ಎಂದೆ.

“ಇದಕ್ಕೂ ವಾದ ಎಂತಕ್ಕೆ? ಹಿಡೀರಿ.”

ಎರಡನ್ನೂ ಮನೆಗೆ ತಂದೆ. ಇಷ್ಟು ಮೀನು ಯಾರಿಗೆಂದು ನಿನ್ನ ತಾಯಿ ಕೇಳಿದಳು. ನಾನು ಒಂದು ಪಾಲನ್ನು ತೋರಿಸಿ, “ಇದು ನನ್ನದು,” ಎಂದಷ್ಟೇ ಹೇಳಿದೆ.

ಆಕೆ ಇನ್ನೊಂದನ್ನು ಮೊದಲು ತೊಳೆದಳು.

ಅಪ್ಪ