ಅಕ್ಕನ ಸಮುದ್ರಕ್ಕೆ ಒಂದು ಉದಾಹರಣೆ

ಭಾನುವಾರ, ಸಂಜೆ ಆರೂವರೆ

ಅಕ್ಕ,

ಇವತ್ತು ಅಂಗಡಿಗೆ ರಜೆ. ಬೆಳಿಗ್ಗೆ ಬಟ್ಟೆ ನೆನೆಹಾಕಿದೆ, ಒಗೆಯಲಿಲ್ಲ. ಬೀದಿಗೆಲ್ಲ ಇಸ್ತ್ರಿ ಮಾಡಿಕೊಡುವವಳು ನಾನು, ನನ್ನ ಬಟ್ಟೆ ಬಕೆಟ್ಟಿನಲ್ಲೇ ಕೂತಿದೆ. ಮಧ್ಯಾಹ್ನ ನಿನ್ನ ಫೋನು ಬಂದಾಗ ಬರೀ "ಹ್ಞೂಂ, ಹ್ಞೂಂ" ಅಂದೆನಲ್ಲ, ಅದನ್ನು ಒಪ್ಪಿಗೆ ಅಂದುಕೊಳ್ಳಬೇಡ. ನಿನ್ನೆದುರು ನನಗೆ ಮಾತು ಬರುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರ ನಿನ್ನ ಉಪನ್ಯಾಸಕ್ಕೆ ನೀನೇ ಕರೆದೆ, ಮುಂದಿನ ಸಾಲಿನಲ್ಲೇ ಕೂರಿಸಿದೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಮನೆ, ಅಂಗಡಿ ಬಿಟ್ಟು ಬೇರೆ ಕಡೆ ಹೊರಟದ್ದು ಅದೇ ಮೊದಲು.

ಕೋಟ್ಯಂತರ ವರ್ಷಗಳ ಹಿಂದೆ ಭೂಮಿ ಬಿಸಿಯಾದಾಗ ಸಮುದ್ರದ ಯಾವ ಜೀವಿಗಳು ಅಳಿದವು, ಯಾಕೆ ಅಳಿದವು ಎಂದು ನೀನು ಹೇಳುತ್ತಾ ಹೋದೆ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಂತೆ. ಆದರೆ ಕಾದ ಮೈಗೆ ಬೇಕಾಗುವುದು ಹೆಚ್ಚಂತೆ. ಬೇಕಾದದ್ದು ಏರುತ್ತಾ, ಸಿಗುವುದು ಇಳಿಯುತ್ತಾ, ನಡುವೆ ಸಿಕ್ಕಿಕೊಂಡ ಜೀವ ಹೋಗುತ್ತದೆ. ತಣ್ಣನೆಯ ನೀರಿಗೆ ಒಗ್ಗಿದವಕ್ಕಂತೂ ಓಡಿಹೋಗಲು ಇನ್ನೂ ತಣ್ಣಗಿನ ಜಾಗವೇ ಇರಲಿಲ್ಲ. ಇಷ್ಟು ನನಗೂ ಅರ್ಥವಾಯಿತು. ಕಲ್ಲಾಗಿಹೋದ ಆ ಚಿಪ್ಪುಗಳ ಚಿತ್ರ ನೋಡಿ ಪಾಪ ಅನಿಸಿತು.

ಆಮೇಲೆ ನೀನು, "ನನ್ನ ತಂಗಿ ಗಂಡ ಬಸ್ ಡ್ರೈವರು" ಎಂದು ಶುರು ಮಾಡಿದೆ. ಜ್ವರ ಏರಿದಷ್ಟೂ ಅವರ ಮೈ ಉಸಿರು ಬೇಡಿದ್ದು, ಹಾಳಾದ ಶ್ವಾಸಕೋಶ ಕೊಡಲಾರದೆ ಹೋದದ್ದು, ಎಲ್ಲ ಹೇಳಿದೆ. ಅವರು ನನ್ನ ಕಿವಿಯ ಹತ್ತಿರ ಬಾಯಿ ತಂದು, "ಲೇ, ಬಸ್ಸು ಫುಲ್ಲು ಕಣೇ. ಸೀಟು ಹಾಗಿರ್ಲಿ, ಗಾಳಿಗೆ ನಿಂತ್ಕೊಳ್ಳೋಕೂ ಜಾಗ ಇಲ್ಲ" ಅಂದದ್ದನ್ನೂ ಅವರ ದನಿಯಲ್ಲೇ ಹೇಳಿದೆ. ಸಭೆ ನಕ್ಕಿತು. ಪಕ್ಕದಲ್ಲಿದ್ದ ಹೆಂಗಸು ನನ್ನ ಮೊಣಕೈ ತಟ್ಟಿ, "ಒಳ್ಳೇ ತಮಾಷೆ ಮನುಷ್ಯ ಅಲ್ವಾ?" ಅಂದಳು. ಹೌದು ಅಂದೆ.

ಬಸ್ಸಿನ ಆ ಮಾತನ್ನು ನಾನು ನಿನಗಲ್ಲದೆ ಯಾರಿಗೂ ಹೇಳಿರಲಿಲ್ಲ. ಅತ್ತೆಗೂ ಹೇಳಿರಲಿಲ್ಲ. ನಮ್ಮ ಮನೆಯವರು ತೀರಿಕೊಂಡ ವಾರ ನೀನು ನನ್ನ ಪಕ್ಕ ಮಲಗಿ ತಲೆ ಸವರಿದಾಗ ನಾನು ಬಾಯಿಬಿಟ್ಟೆ. ನೀನೂ ಅತ್ತುಬಿಟ್ಟೆ. ಆ ಅಳು ಸುಳ್ಳಲ್ಲವೆಂದು ಈಗಲೂ ನಂಬುತ್ತೇನೆ. ಅದೇ ಹೆಚ್ಚು ಕೊರೆಯುವುದು.

ಈಗ ಅದು ನಿನ್ನ ಪುಸ್ತಕದ ಮೊದಲ ಪುಟವಂತೆ, ಮಧ್ಯಾಹ್ನ ಫೋನಿನಲ್ಲಿ ನೀನೇ ಹೇಳಿದೆ. "ಹೆಸರು ಎಲ್ಲೂ ಹಾಕಿಲ್ಲ ಕಣೇ, ಯಾರಿಗೆ ಗೊತ್ತಾಗತ್ತೆ? ಅದಿಲ್ದಿದ್ರೆ ಜನ ಎರಡನೇ ಪುಟಕ್ಕೇ ಹೋಗಲ್ಲ" ಅಂದೆ. ಅದೇ ಉಸಿರಿನಲ್ಲಿ ಅವರ ಫೋಟೋ ಕೇಳಿದೆ, ಸ್ಟೇರಿಂಗ್ ಹಿಡಿದದ್ದಿದ್ದರೆ ಇನ್ನೂ ಒಳ್ಳೆಯದು ಅಂತ. ಹೆಸರು ಬೇಡ, ಮುಖ ಬೇಕು.

ಅವರ ಆ ಮಾತು ನೆನೆಸಿಕೊಂಡೇ ನಾನು ಇಷ್ಟು ದಿನ ನಿದ್ದೆ ಹೋಗುತ್ತಿದ್ದೆ. ಈಗ ನೆನೆಸಿಕೊಂಡರೆ ಅದರ ಹಿಂದೆಯೇ ಸಭೆಯ ನಗು ಕೇಳಿಸುತ್ತದೆ. ಆ ನಗುವನ್ನು ಮಾತಿನಿಂದ ಬೇರೆ ಮಾಡುವುದು ನಿನ್ನ ಕೈಲೂ ಆಗುವುದಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಆ ಪುಟ ತೆಗೆಸು. ಫೋಟೋ ನಾನು ಕೊಡುವುದಿಲ್ಲ. ತೆಗೆಸಲು ಮನಸ್ಸಿಲ್ಲದಿದ್ದರೆ ನನ್ನ ಬಾಗಿಲಿಗೆ ಬರಬೇಡ.

ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದ ಹಾಗಿತ್ತು. ಬಿಸಿನೀರು ಕುಡಿ.

ನಿನ್ನ ತಂಗಿ

ತಾ.ಕ.: ಅದು ಅವರ ಕೊನೆಯ ಮಾತು ಎಂದು ನೀನು ಸಭೆಗೆ ಹೇಳಿದೆ. ಅಲ್ಲ. ಅದಾದ ಮೇಲೆ ಇನ್ನೊಂದು ಮಾತು ಆಡಿದರು. ಅದನ್ನು ನಿನ್ನೊಬ್ಬಳಿಗೆ ಹೇಳಬೇಕು ಅಂತಲೇ ಶುಕ್ರವಾರ ಬಂದಿದ್ದೆ. ಇನ್ನು ಹೇಳುವುದಿಲ್ಲ. ನಾಳೆ ಎಂಟಕ್ಕೆ ಅಂಗಡಿ ತೆಗೆಯಬೇಕು.