ಹಿಟ್ಟಿನ ತಟ್ಟೆ ಬಲಗಡೆ

ಮನೆಯಿಂದ,
೧೪ನೇ ತಾರೀಖು, ಗುರುವಾರ, ಮಧ್ಯಾಹ್ನ

ಪ್ರೀತಿಯ ಇವರಿಗೆ,

ಬೆನ್ನು ಈಗ ಹೇಗಿದೆ? ಹಡಗಿನ ಹೊಟ್ಟೆಯೊಳಗೆ ಬಗ್ಗಿ ಕೆಲಸ ಮಾಡುವಾಗ ಸೊಂಟದ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರಾ, ಅಥವಾ ನಾನು ಮಡಿಸಿಟ್ಟ ಹಾಗೇ ಅದು ಪೆಟ್ಟಿಗೆಯಲ್ಲಿ ಮಲಗಿದೆಯಾ? ಬೆಳಗಿನ ಕೆಮ್ಮು ಕಡಿಮೆಯಾಯಿತಾ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತೆಗೆ ನಮ್ಮ ಅಂಗಡಿಯಿಂದಲೇ ಹೊಸ ಕನ್ನಡಕ ಮಾಡಿಸಿಕೊಟ್ಟೆ. ಈಗ ನಾನು ತೊಳೆದ ಪಾತ್ರೆಯ ಜಿಡ್ಡೂ ಅವರಿಗೆ ಸ್ಪಷ್ಟವಾಗಿ ಕಾಣುತ್ತದೆ, ಕೈಯಾರೆ ತಂದುಕೊಂಡ ಕಷ್ಟ. ನಿಮ್ಮ ಮಗಳು ಅರ್ಧ ಬೆರಳು ಉದ್ದವಾಗಿದ್ದಾಳೆ, ದಪ್ಪ ಮಾತ್ರ ಆಗಿಲ್ಲ. ನೀವು ಅವಳಿಗೆ ಕಡ್ಡಿ ಎಂದು ಹೆಸರಿಟ್ಟಿದ್ದು ಮೈ ನೋಡಿ. ಹತ್ತು ವರ್ಷ ತುಂಬುವುದರೊಳಗೆ ಮಾತೂ ಹೆಸರಿಗೆ ತಕ್ಕ ಹಾಗೆ ಆಗಿದೆ, ಏನಿದ್ದರೂ ಕಡ್ಡಿ ಮುರಿದಂತೆ ಹೇಳಿಬಿಡುತ್ತಾಳೆ.

ನೀವು ರಜೆ ಮುಗಿಸಿ ಹೋದ ಮೇಲೆ ಈ ಮನೆಯಲ್ಲಿ ನನಗೆ ಒಂದು ಹೊಸ ತೊಂದರೆ ಶುರುವಾಗಿದೆ. ಭಾನುವಾರ ಬಂತೆಂದರೆ ಕಡ್ಡಿಗೆ ಬ್ರೆಡ್ ಪುಡಿ ಹಚ್ಚಿ ಹುರಿದ ಮೀನು ಬೇಕು, ಅತ್ತೆಗೆ ಹೂಕೋಸು ಬೇಕು, ಬದನೆಕಾಯಿ ಬೇಕು, ಅದೂ ನೀವು ಮಾಡಿಕೊಟ್ಟ ಹಾಗೆಯೇ ಬೇಕು. ಇಷ್ಟು ವರ್ಷ ನಾನು ಹುರಿದು ಹಾಕಿದ್ದನ್ನು ತಿಂದವರು ಇವರೇನಾ ಎಂದು ಅನುಮಾನ ಬರುತ್ತದೆ. ಹೋದ ಭಾನುವಾರ ಕಡ್ಡಿ ಒಂದು ತುಂಡು ಕಚ್ಚಿ, ತಟ್ಟೆಯಲ್ಲಿಟ್ಟು, ನನ್ನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು: “ರುಚಿ ಪರವಾಗಿಲ್ಲಮ್ಮಾ. ಆದ್ರೆ ಅಪ್ಪನ ಮೀನು ಕುರುಂ ಅನ್ನುತ್ತೆ, ನಿಂದು ಏನೂ ಅನ್ನಲ್ಲ.” ನಿಜವೇ. ಎಣ್ಣೆಗೆ ಬಿಟ್ಟ ಕೂಡಲೇ ನನ್ನ ಮೀನು ಅಂಗಿ ಬಿಚ್ಚಿಕೊಂಡಿತು. ಪುಡಿಯೆಲ್ಲ ತಳ ಸೇರಿ ಕರಿಕಾಗಿ, ಮೀನು ಬರಿಮೈಯಲ್ಲಿ ತೇಲಿತು. ಮುಳ್ಳಿನ ಭಯಕ್ಕೆ ಮೀನೇ ಮುಟ್ಟದ ಅತ್ತೆ ಹೂಕೋಸನ್ನು ಹೊಸ ಕನ್ನಡಕದ ಕೆಳಗೆ ಹಿಡಿದು ನೋಡಿ, ನನ್ನ ಮಗ ಇದಕ್ಕೆ ಒಳ್ಳೆಯ ಬಣ್ಣ ಬರಿಸಿದ್ದ ಎಂದರು. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಾಗಿದ್ದು ಮದುವೆಯಾದ ಮೇಲೆ ಅದೇ ಮೊದಲು.

ನಿಮ್ಮ ಮೇಲೆ ಮಾತ್ರ ಆಗಿದ್ದರೆ ಈ ಪತ್ರದಲ್ಲಿ ಅದನ್ನು ಬರೆಯುತ್ತಿರಲಿಲ್ಲ. ಕಾಗದ ಸಾಲದೆ ಹೋದರೂ ಇವತ್ತು ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ.

ನೀವು ಬಂದ ಮೂರನೇ ದಿನ ಅಡುಗೆಮನೆಗೆ ನುಗ್ಗಿ, ನೀನು ಕೂತ್ಕೋ ಎಂದಿರಿ. ಹದಿಮೂರು ವರ್ಷದಲ್ಲಿ ನೀವು ಆ ಕೋಣೆಗೆ ಬಂದಿದ್ದೆಲ್ಲ ನೀರು ಕುಡಿಯಲು, ಇಲ್ಲವೇ ಬೆಂಕಿಪೊಟ್ಟಣ ಹುಡುಕಲು. ಅವತ್ತು ಮೀನಿನ ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿದಿರಿ, ಮಗುವಿನ ತಲೆ ಒರೆಸುವ ಹಾಗೆ. ಮೂರು ತಟ್ಟೆ ಸಾಲಾಗಿ ಇಟ್ಟಿರಿ: ಹಿಟ್ಟು ಬಲಗಡೆ, ಒಡೆದು ಕಲಕಿದ ಮೊಟ್ಟೆ ನಡುವೆ, ಬ್ರೆಡ್ ಪುಡಿ ಎಡಗಡೆ. ನಮ್ಮ ಒಲೆ ಇರುವುದು ಬಲಗಡೆ. ಹಾಗಾಗಿ ಪುಡಿ ಹಚ್ಚಿದ ಒಂದೊಂದು ತುಂಡನ್ನೂ ಮೊಟ್ಟೆ, ಹಿಟ್ಟು ಎರಡನ್ನೂ ದಾಟಿಸಿಕೊಂಡು ಒಲೆಯವರೆಗೆ ಒಯ್ಯಬೇಕಾಯಿತು. ಮೇಜಿನ ತುಂಬ ಪುಡಿ ಉದುರಿತು. ತಿರುಗಿಸಿ ಇಡಿ, ಹಿಟ್ಟು ಎಡಗಡೆಗೆ ಬರಲಿ, ಕೆಲಸ ಹಗುರವಾಗುತ್ತದೆ ಎಂದೆ. ನೀವು ತಲೆ ಎತ್ತದೆ, “ಇಲ್ಲ ಇಲ್ಲ, ಅವರು ಹೀಗೇ ಇಡೋದು” ಎಂದಿರಿ.

ಅವರು. ನಮ್ಮ ಮಾತಿನಲ್ಲಿ ಇದು ದೊಡ್ಡ ಕೊಡೆ. ಅದರ ಕೆಳಗೆ ಗಂಡಸು ನಿಲ್ಲಬಹುದು, ಹೆಂಗಸು ನಿಲ್ಲಬಹುದು, ನಿಮ್ಮ ಕ್ಯಾಂಟೀನಿನ ಎಂಟು ಜನ ಅಡುಗೆಯವರೂ ನಿಲ್ಲಬಹುದು. ನಾನು ಎಂಟು ಜನ ಎಂದೇ ಅಂದುಕೊಂಡೆ. ಆದರೆ ಆ ಪದ ನನಗೆ ಚುಚ್ಚಿತು. ಏಕೆಂದರೆ ಅದು ನನ್ನ ಪದ. ಅಂಗಡಿಯಲ್ಲಿ ಯಾರಾದರೂ ನಿಮ್ಮ ಬಗ್ಗೆ ಕೇಳಿದರೆ ಅವರು ಊರಲ್ಲಿಲ್ಲ ಎನ್ನುತ್ತೇನೆ. ಯಾವ ಅವರು ಎಂದು ಇದುವರೆಗೆ ಯಾರೂ ಕೇಳಿಲ್ಲ. ನೀವು ಮನೆಯಲ್ಲಿದ್ದರೆ ಇವರು, ಹೊರಟರೆ ಅವರು. ಕಾಗದದಲ್ಲಿ ಮಾತ್ರ, ಎಷ್ಟೇ ದೂರವಿದ್ದರೂ ನಿಮ್ಮನ್ನು ಇವರು ಎಂದೇ ಕರೆದುಕೊಂಡು ಬಂದಿದ್ದೇನೆ. ಅಂಥ ಪದವನ್ನು ನೀವು ಅಷ್ಟು ಸಲೀಸಾಗಿ, ಕೈ ಮೊಟ್ಟೆಯಲ್ಲಿ ಅದ್ದಿಕೊಂಡು, ಬೇರೆ ಯಾರಿಗೋ ಹೇಳಿದಿರಿ.

ಆಮೇಲೆ ಒದ್ದೆಕೈ ಒಣಕೈ ಪಾಠ ನಡೆಯಿತು. ಒಂದು ಕೈ ಮೊಟ್ಟೆಗೆ ಮಾತ್ರ, ಇನ್ನೊಂದು ಹಿಟ್ಟಿಗೆ ಪುಡಿಗೆ ಮಾತ್ರ. ಎರಡೂ ಬೆರೆತರೆ ಬೆರಳಿಗೇ ಲೇಪ ಹತ್ತುತ್ತದೆ. ನಾನು ಬೆರೆಸಿದೆ. “ನಿನ್ನ ಬೆರಳು ಹುರಿದ್ರೆ ಇನ್ನೂ ನಾಲ್ಕು ಜನಕ್ಕೆ ಊಟ ಆಗುತ್ತೆ” ಎಂದು ನಕ್ಕಿರಿ. ನಾನೂ ನಕ್ಕೆ. ಪಾತ್ರೆ ತೊಳೆಯುವಾಗ ಯೋಚನೆ ಬಂತು: ಈ ನಗೆಮಾತು ನಿಮ್ಮದಲ್ಲ. ನೀವು ಯಾವತ್ತೂ ಹೀಗೆ ಮಾತಾಡಿದವರಲ್ಲ. ಯಾರೋ ನಿಮ್ಮ ಬೆರಳು ನೋಡಿ ಇದನ್ನು ಹೇಳಿದ್ದಾರೆ. ನೀವು ಅದನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ನನಗೆ ತಂದಿದ್ದೀರಿ.

ಇನ್ನೊಂದು ವಿಷಯ. ಪುಡಿ ಹಚ್ಚಿದ ಮೇಲೆ ಕೂಡಲೇ ಹುರಿಯಬಾರದು ಎಂದಿರಿ. “ಹತ್ತು ನಿಮಿಷ ಸುಮ್ನೆ ಬಿಡಬೇಕು. ಆಗ ಗಟ್ಟಿ ಹಿಡ್ಕೊಳ್ಳುತ್ತೆ.” ಸ್ನಾನದ ನೀರು ಕಾಯುವವರೆಗೂ ತಾಳ್ಮೆ ಇಲ್ಲದ ಮನುಷ್ಯ ನೀವು. ನಮ್ಮ ಅಡುಗೆಮನೆಯಲ್ಲಿ ಆ ಹತ್ತು ನಿಮಿಷ ಗೋಡೆಗೆ ಒರಗಿ, ಕಿಟಕಿ ನೋಡುತ್ತ, ಒಬ್ಬರೇ ಏನೋ ನೆನೆಸಿಕೊಂಡು ನಗುವಿನ ಅಂಚಿನಲ್ಲಿ ನಿಂತಿದ್ದಿರಿ. ನಿಮಗೆ ಆ ಹತ್ತು ನಿಮಿಷ ಚೆನ್ನಾಗಿ ಅಭ್ಯಾಸವಿತ್ತು. ಅಲ್ಲಿ ಆ ಹೊತ್ತಿನಲ್ಲಿ ಏನು ಮಾತಾಡುತ್ತೀರಿ?

ಇದನ್ನೆಲ್ಲ ಅತ್ತೆಗೆ ಹೇಳಲಾಗುವುದಿಲ್ಲವಲ್ಲ. ಆದರೂ ಸುತ್ತಿ ಬಳಸಿ, ನಿಮ್ಮ ಮಗ ಎಷ್ಟು ಚೆನ್ನಾಗಿ ಅಡುಗೆ ಕಲಿತಿದ್ದಾರೆ ನೋಡಿ ಎಂದೆ. ಅವರು ಬಟಾಣಿ ಸುಲಿಯುತ್ತ, ಕಲಿತಿದ್ದಕ್ಕಲ್ಲ, ಅವನು ಈ ಸಲ ತೆಳ್ಳಗಾಗದೆ ಬಂದಿದ್ದಕ್ಕೆ ನನಗೆ ಯೋಚನೆ ಎಂದರು. ಅಷ್ಟೇ. ಮತ್ತೆ ಬಟಾಣಿ. ಹೊಸ ಕನ್ನಡಕಕ್ಕೆ ಮೊದಲೇ ಅವರಿಗೆ ಕಣ್ಣು ಚೆನ್ನಾಗಿಯೇ ಇತ್ತು ಅನ್ನಿಸುತ್ತದೆ.

ಹೊರಡುವ ದಿನ ಬಾಗಿಲಲ್ಲಿ ನಾನು ಕೇಳಿದ್ದು ಒಂದೇ ಮಾತು: ಇಲ್ಲಿನ ದೋಣಿ ದುರಸ್ತಿ ಶೆಡ್ಡಿಗೆ ವರ್ಗ ಮಾಡಿಸಿಕೊಳ್ಳುವ ಅರ್ಜಿ ಏನಾಯಿತು. ಕಚೇರಿಯವರು ಈ ವರ್ಷ ಇನ್ನೂ ಅರ್ಜಿ ಕೊಟ್ಟಿಲ್ಲ, ಕೈಗೆ ಬಂದ ದಿನವೇ ಸಹಿ ಹಾಕುತ್ತೇನೆ ಎಂದಿರಿ. ಆರು ವರ್ಷ ಕಾದವಳು, ಕಾಯುವುದರಲ್ಲಿ ನನಗೂ ಪಾಠ ಬೇಕಿಲ್ಲ. ಅಲ್ಲಿ ಬಹುಶಃ ಒಲೆ ಎಡಗಡೆ ಇರಬೇಕು, ಅದಕ್ಕೇ ತಟ್ಟೆ ಹಾಗೆ ಎಂದು ಹೇಳಿಕೊಂಡು ಎರಡು ವಾರ ಸುಖವಾಗಿ ನಿದ್ದೆ ಮಾಡಿದೆ.

ಮೊನ್ನೆ ಮಂಗಳವಾರ ಅಂಗಡಿಗೆ ರಜೆ. ನೀವು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡೋಣವೆಂದು ಮೀನು ತಂದು, ಒರೆಸಿ, ನನಗೆ ಅನುಕೂಲವಾದ ಹಾಗೆ ಹಿಟ್ಟು ಎಡಕ್ಕೆ, ಪುಡಿ ಬಲಕ್ಕೆ ಇಟ್ಟುಕೊಂಡೆ. ಅಷ್ಟರಲ್ಲಿ ಪುಡಿಯ ಡಬ್ಬಿಯ ಮುಚ್ಚಳ ಮೇಜಿನ ಹಿಂದೆ ಬಿತ್ತು. ಆ ಮೇಜು ನಾವು ಈ ಮನೆಗೆ ಬಂದಾಗಿನಿಂದ ಗೋಡೆಗೆ ಅಂಟಿಕೊಂಡೇ ಇದೆ. ತಟ್ಟೆಗಳ ಸಮೇತ ಮೆಲ್ಲಗೆ ಎಳೆದೆ. ಸಂದಿಗೆ ಹೋಗಿ ಮುಚ್ಚಳ ತೆಗೆಯಲು ಕಡ್ಡಿಯೇ ಸರಿಯಾದ ಅಳತೆ. ತೆಗೆದುಕೊಟ್ಟವಳು ಆಚೆ ಬರಲಿಲ್ಲ. ನಾನೂ ಹಚ್ಚುತ್ತೇನೆ ಎಂದು ಅಲ್ಲೇ ನಿಂತಳು, ನನ್ನ ಎದುರಿಗೆ. ನಾನು ಬಲಗೈ ಮೊಟ್ಟೆಗೆ ಅದ್ದಿದರೆ ಅವಳು ಎಡಗೈ ಅದ್ದಿದಳು. ಎಡಗೈಯಲ್ಲಿ ಚಮಚ ಹಿಡಿಯಲೂ ಬಾರದ ಹುಡುಗಿ. ಯಾಕೆ ಎಂದು ಕೇಳಿದರೆ, ನೀನು ಮಾಡಿದ ಹಾಗೇ ಮಾಡುತ್ತಿದ್ದೇನೆ ಎಂದಳು. ಆಮೇಲೆ ತಟ್ಟೆಗಳನ್ನು ನೋಡಿ ತಾನೇ ಖುಷಿಪಟ್ಟಳು: “ಅಮ್ಮಾ, ಈ ಕಡೆ ನಿಂತ್ರೆ ಹಿಟ್ಟು ಬಲಗಡೆ. ಅಪ್ಪನ ಹಾಗೇ!”

ನಮ್ಮ ಅಂಗಡಿಯ ಉದ್ದ ಎಷ್ಟು ಕಡಿಮೆ ಎಂದು ನಿಮಗೆ ಗೊತ್ತು. ಕಣ್ಣು ಪರೀಕ್ಷೆಗೆ ಬೇಕಾದಷ್ಟು ದೂರ ಸಿಗದೆ, ಅಕ್ಷರದ ಹಲಗೆಯನ್ನು ಗಿರಾಕಿಯ ತಲೆಯ ಹಿಂದೆ ತೂಗುಹಾಕಿ, ಎದುರಿನ ಕನ್ನಡಿಯಲ್ಲಿ ಓದಿಸುತ್ತೇವೆ. ಆ ಹಲಗೆಯಲ್ಲಿ ಅಕ್ಷರಗಳೆಲ್ಲ ಉಲ್ಟಾ. ಒಂಬತ್ತು ವರ್ಷದಿಂದ ದಿನಕ್ಕೆ ಹತ್ತು ಜನರನ್ನು ಆ ಕನ್ನಡಿಯ ಮುಂದೆ ಕೂರಿಸಿದವಳಿಗೆ ಎಡ ಹೋಗಿ ಬಲವಾಗುವುದು ಯಾವಾಗ ಎಂದು ಹೊಳೆಯಲು ಹತ್ತು ವರ್ಷದ ಮಗು ಬೇಕಾಯಿತು. ಎಂಟು ಜನರ ಕ್ಯಾಂಟೀನಿನಲ್ಲಿ ಹಿಂದೆ ನಿಂತು ನೋಡಿ ಕಲಿತವರಿಗೆ ಹಿಟ್ಟು ಬಲಗಡೆ ಬರುವುದಿಲ್ಲ. ಒಂದು ಚಿಕ್ಕ ಮೇಜು, ಇಬ್ಬರಿಗೂ ಸೇರಿ ಮೂರೇ ತಟ್ಟೆ, ಎದುರುಬದುರು. ಒಬ್ಬರ ಕೈ ನೋಡಿ ಇನ್ನೊಬ್ಬರು, ಒಂದು ಸಲವಲ್ಲ, ಕೈಗೆ ಅಭ್ಯಾಸವಾಗುವಷ್ಟು ಸಲ.

ಯಾರು ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀವು ಹೇಳುತ್ತೀರಿ, ಹೇಳಿದ ಮೇಲೆ ಅವರಿಗೊಂದು ಮುಖ ಬಂದುಬಿಡುತ್ತದೆ. ಅರವತ್ತು ದಾಟಿದ ಅಡುಗೆಯ ಅಜ್ಜಿಯೇ ಇರಲಿ, ನಿಮ್ಮ ಫೋರ್‌ಮನ್ ಸಾಹೇಬರೇ ಇರಲಿ, ಆ ಹತ್ತು ನಿಮಿಷಗಳ ಮೇಲೆ ನನಗೆ ಅಷ್ಟೇ ಹೊಟ್ಟೆಕಿಚ್ಚು. ನನ್ನ ಅಡುಗೆಮನೆಯಲ್ಲಿ ಮೇಜು ಗೋಡೆಗೆ ಅಂಟಿತ್ತು. ನಾನು ಹದಿಮೂರು ವರ್ಷ ಬೆನ್ನು ತೋರಿಸಿಕೊಂಡು ಅಡುಗೆ ಮಾಡಿದೆ. ನೀವು ಬಾಗಿಲಲ್ಲಿ ನಿಂತು ನೀರು ಕೇಳಿದಿರಿ. ಆ ತಪ್ಪಿನಲ್ಲಿ ಯಾರ ಪಾಲು ಎಷ್ಟು ಎಂದು ನನಗೆ ಗೊತ್ತಿಲ್ಲ.

ಅವತ್ತು ಹತ್ತು ನಿಮಿಷ ನಾನೂ ಕಡ್ಡಿಯೂ ಕಾದೆವು. ಅವಳು ಶಾಲೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದನ್ನೆಲ್ಲ ಹೇಳಿದಳು. ನನಗೆ ಅದೆಲ್ಲ ಹೊಸದು. ಮೊದಲು ಹೂಕೋಸು, ಬದನೆಕಾಯಿ, ಆಮೇಲೆ ಮೀನು. ಕುರುಂ ಅಂದಿತು. ಅತ್ತೆ ಬಣ್ಣ ಒಪ್ಪಿಕೊಂಡರು.

ಬೆನ್ನಿಗೆ ಪಟ್ಟಿ ಕಟ್ಟಿಕೊಳ್ಳಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ತಣ್ಣೀರು ಕುಡಿಯಬೇಡ ಎಂದೂ ಹೇಳಿದ್ದಾರೆ. ಕಡ್ಡಿ ಈ ಹಾಳೆಯ ಮೂಲೆಯಲ್ಲಿ ಮೀನಿನ ಚಿತ್ರ ಬರೆದಿದ್ದಾಳೆ. ಜಿಡ್ಡಿನ ಬೆರಳಿನ ಗುರುತೂ ಅವಳದೇ.

ಇಲ್ಲಿಯವಳು,
ನಿಮ್ಮ ಮನೆಯವಳು

ಬರೆಯದೆ ಬಿಟ್ಟಿದ್ದು, ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು: ನಿನ್ನೆ ನಿಮ್ಮ ಕಚೇರಿಯಿಂದ ಮನೆಯ ವಿಳಾಸಕ್ಕೆ ಲಕೋಟೆ ಬಂತು. ಹೋದ ತಿಂಗಳು ಮೂರನೇ ತಾರೀಖು ನಿಮ್ಮ ಕೈಗೆ ಕೊಟ್ಟ ವರ್ಗಾವಣೆ ಅರ್ಜಿ ವಾಪಸ್ ಬಂದಿಲ್ಲವಂತೆ, ಕಳೆದಿದ್ದರೆ ಇರಲಿ ಎಂದು ಇನ್ನೊಂದು ಪ್ರತಿ ಕಳಿಸಿದ್ದಾರೆ. ನೀವು ರಜೆಗೆ ಬಂದಿದ್ದು ಅದೇ ತಿಂಗಳು ಹತ್ತನೇ ತಾರೀಖು. ಅದರ ಬಗ್ಗೆ ಏನೂ ಬರೆಯುವುದಿಲ್ಲ. ಹೆಸರು, ಹುಟ್ಟಿದ ದಿನ, ವಿಳಾಸ ನಾನೇ ತುಂಬಿ ಇದರೊಳಗೆ ಮಡಿಸಿಟ್ಟಿದ್ದೇನೆ. ಸಹಿ ನಿಮ್ಮದು. ಕೊನೆಯ ದಿನ ಇದೇ ಮೂವತ್ತು. ಮೇಜನ್ನು ನಾನಿನ್ನೂ ಗೋಡೆಗೆ ತಳ್ಳಿಲ್ಲ; ಎದುರಿಗೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದೇನೆ. ಅತ್ತೆ ಎರಡು ಸಲ ಸೊಂಟ ತಗಲಿಸಿಕೊಂಡು ಬೈದರು. ಮೂವತ್ತರವರೆಗೆ ತಡೆದುಕೊಳ್ಳಿ ಎಂದಿದ್ದೇನೆ.