ಎಂಬತ್ತಕ್ಕೆ ಎಬ್ಬಿಸಿ

ಗದಗ
ಫೆಬ್ರವರಿ 30, 2171

ಪ್ರೀತಿಯ ಶಕುಂತಲಾ ಅಜ್ಜಿಗೆ,

ತಾರೀಖು ತಪ್ಪಿ ಬರೆದದ್ದಲ್ಲ. ನಿಮ್ಮ ಕಾಲ ಕಳೆದು ಎಷ್ಟೋ ವರ್ಷಗಳ ಮೇಲೆ ತಿಂಗಳುಗಳನ್ನು ಸಮ ಮಾಡಿದರು. ಆಗ ಫೆಬ್ರವರಿಗೆ ಎರಡು ದಿನ ಹೆಚ್ಚಿಗೆ ದಕ್ಕಿದವು. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಗೊತ್ತಿರುವ ಪದಗಳೂ ಬೇರೆ ಅರ್ಥ ಹೊತ್ತು ಬರುತ್ತವೆ. ಕ್ಷಮಿಸಿ, ಹೋಗುತ್ತ ಹೋಗುತ್ತ ಬಿಡಿಸಿ ಹೇಳುತ್ತೇನೆ. ಅಜ್ಜಿ ಎಂದು ಕರೆಯುವುದಕ್ಕೂ ನನಗೆ ಸಂಕೋಚವಿದೆ. ನಮ್ಮ ನಡುವೆ ಐದು ತಲೆಮಾರು ಇರುವುದು ನಿಜ. ಆದರೆ ಈ ನೋಟುಬುಕ್ಕು ಬರೆಯುವಾಗ ನಿಮಗೆ ನಲವತ್ತೇಳು, ನನಗೀಗ ನಲವತ್ತೆಂಟು. ಆ ಪ್ರಕಾರ ನೀವು ನನಗೆ ತಂಗಿಯಾಗಬೇಕು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ. ನಿಮ್ಮನ್ನು ಏಕವಚನದಲ್ಲಿ ಕರೆಯಲು ನಾಲಿಗೆ ಹೊರಳುವುದಿಲ್ಲ.

ನಾನು ಬರೆಯುತ್ತಿರುವುದು ನಿಮ್ಮ ನೋಟುಬುಕ್ಕಿನಲ್ಲೇ. ನೂರು ಪುಟದ್ದು, ನೀಲಿ ರಟ್ಟಿನದು, ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ನೀವು ಇಟ್ಟುಕೊಂಡಿದ್ದದ್ದು. ಎಪ್ಪತ್ತೊಂದನೆಯ ಪುಟಕ್ಕೆ ನಿಮ್ಮ ಅಕ್ಷರ ನಿಂತಿದೆ. ಅಲ್ಲಿನ ಕೊನೆಯ ಸಾಲು ಇದು: “ನಾಳೆ ಹತ್ತಕ್ಕೆ ಹುಬ್ಬಳ್ಳಿಯವರು ಬರುತ್ತಾರೆ. ಕೀಲಿ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ.” ಮುಂದಿನ ಪುಟಗಳೆಲ್ಲ ಖಾಲಿ. ನೂರ ನಲವತ್ತೈದು ವರ್ಷ ಯಾರೂ ಒಂದು ಗೀರೂ ಹಾಕಿಲ್ಲ. ಈ ಪುಟ ನನ್ನ ಮುಂದಿರುವ ಹಾಗೆಯೇ ನಿಮ್ಮ ಮುಂದೆಯೂ ಇದೆ. ನಮ್ಮಿಬ್ಬರಿಗೂ ಸೇರಿದ ವಿಳಾಸ ಇದೊಂದೇ. ಹಾಗಾಗಿ ಇಲ್ಲಿಯೇ ಬರೆಯುತ್ತೇನೆ. ನೀವು ಆ ರಾತ್ರಿ ಕಳೆದು ಬೆಳಗಾಗುವ ಮೊದಲು ಪುಟ ತಿರುಗಿಸಬೇಕು, ಅಷ್ಟೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಾರನ್ನು ಮಾರಬೇಡಿ.

ನಿಮ್ಮ ಗೋಳನ್ನು ಓದದೆ ಈ ಮಾತು ಹೇಳುತ್ತಿಲ್ಲ. ಎಪ್ಪತ್ತೊಂದು ಪುಟವನ್ನೂ ಮೂರು ಸಲ ಓದಿದ್ದೇನೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಪ್ಲಗ್ ಹಾಕಿಸಿಕೊಳ್ಳಲು ನೀವು ಹನ್ನೊಂದು ತಿಂಗಳು ಅರ್ಜಿ ಕೊಟ್ಟದ್ದು, ಸಂಘದ ಕಾರ್ಯದರ್ಶಿ ಗುರುಪಾದಪ್ಪನವರು ಪ್ರತಿ ಸಭೆಯಲ್ಲೂ “ಬೆಂಕಿ ಹತ್ತಿದ್ರ ಯಾರ್ರೀ ಹೊಣಿ?” ಎಂದು ಅದೇ ಪ್ರಶ್ನೆ ಕೇಳಿದ್ದು, ಕೊನೆಗೆ ನೀವು ಎರಡನೆಯ ಮಹಡಿಯ ಬಾಲ್ಕನಿಯಿಂದ ವೈರು ಇಳಿಬಿಟ್ಟದ್ದು, ಕೆಳಗಿನ ಮನೆಯವರು ಅದರ ಮೇಲೆ ಟವೆಲ್ ಒಣಹಾಕಿದ್ದು. ಊರಿಗೊಂದು ಚಾರ್ಜರ್, ಚಾರ್ಜರಿಗೊಂದು ಆ್ಯಪ್, ಆ್ಯಪಿಗೊಂದು ಓಟಿಪಿ, ಆ ಓಟಿಪಿ ಬರಲು ಬೇಕಾದ ಸಿಗ್ನಲ್ ಮಾತ್ರ ರಸ್ತೆಯ ಆಚೆ ಬದಿಗೆ. ಚಾರ್ಜಿಂಗ್ ಜಾಗದಲ್ಲಿ ಡೀಸೆಲ್ ಗಾಡಿ ನಿಲ್ಲಿಸಿ ಮದುವೆಯ ಊಟಕ್ಕೆ ಹೋದ ಸಾಹೇಬರು. ದಾರಿಯಲ್ಲಿ ಮಲಗಿ, ಸದ್ದೇ ಇಲ್ಲದ ಕಾರೆಂದು ಎದ್ದೇಳದ ನಾಯಿ. ದೊಡ್ಡ ಬ್ಯಾಟರಿಯಲ್ಲಿ ಮುಕ್ಕಾಲು ಪಾಲು ಚಾರ್ಜ್ ಇದ್ದರೂ ಒಳಗಿನ ಪುಟ್ಟ ಬ್ಯಾಟರಿ ಸತ್ತು, ಬಾಗಿಲೇ ತೆರೆಯದೆ, ನೀವು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತದ್ದು. ಮತ್ತೆ ಕಂಡಕಂಡವರೆಲ್ಲ ಕೇಳುವ ಒಂದೇ ಪ್ರಶ್ನೆ: ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಹೋಗುತ್ತದೆ? ಮೂವತ್ತನೆಯ ಪುಟದಲ್ಲಿ ನೀವು ಬರೆದಿದ್ದೀರಿ, “ಇವತ್ತು ತೀರಿಕೊಂಡವರ ಮನೆಯಲ್ಲೂ ಕೇಳಿದರು.” ನಾನು ಜೋರಾಗಿ ನಕ್ಕೆ, ಮಗಳು ಓಡಿ ಬಂದಳು.

ನಮ್ಮ ಕಾಲದಲ್ಲಿ ಈ ಕಿರಿಕಿರಿಗಳೆಲ್ಲ ಮುಗಿದಿವೆ ಎಂದುಕೊಳ್ಳಬೇಡಿ. ಈಗ ಮನೆಗೊಂದು ಕಾರಿಲ್ಲ. ಓಣಿಗೆ ನಾಲ್ಕೋ ಐದೋ ಬಂಡಿಗಳಿರುತ್ತವೆ, ಅವನ್ನು ಓಣಿಬಂಡಿ ಎನ್ನುತ್ತೇವೆ. ಬಂಡಿ ತನ್ನನ್ನು ತಾನೇ ಓಡಿಸಿಕೊಂಡು ಹೋಗುತ್ತದೆ. ಆದರೆ ಮಕ್ಕಳು ಸೀಟಿನಲ್ಲಿ ಅಡ್ಡ ಕೂತರೆ ಹೊರಡುವುದಿಲ್ಲ, ಮುನಿಸಿಕೊಂಡು ನಿಲ್ಲುತ್ತದೆ. ದಾರಿಯುದ್ದಕ್ಕೂ ಹವಾಮಾನ ಹೇಳುತ್ತದೆ, ಸುಮ್ಮನಿರು ಎಂದರೆ ಯಾಕೆ ಎಂದು ಕೇಳುತ್ತದೆ. ನಮಗಿಂತ ಮೊದಲು ಬಂಡಿ ಬಳಸಿದವರು ಮಿರ್ಚಿ ಭಜಿಯ ಎಣ್ಣೆ ಕೈಯನ್ನು ಸೀಟಿಗೆ ಒರೆಸಿರುತ್ತಾರೆ. ಇದು ಗದಗ, ಮಿರ್ಚಿ ಇನ್ನೂ ಇದೆ. ಕರೆಂಟು ಬರುವುದು ಗಾಳಿಹೊಲದಿಂದ, ಅಂದರೆ ಕಪ್ಪತಗುಡ್ಡದ ಸಾಲಿನ ಗಾಳಿಗಿರಣಿಗಳಿಂದ. ಗಾಳಿ ಬಿದ್ದುಹೋದ ವಾರಗಳನ್ನು ತಗ್ಗುಗಾಳಿ ಎನ್ನುತ್ತೇವೆ. ಆಗ ಊರಿನ ಎಲ್ಲ ಬಂಡಿಗಳೂ ಪಾಳಿಕಟ್ಟೆಗೆ ಬರಬೇಕು. ಅದು ದೊಡ್ಡ ಬೇವಿನ ಮರದ ಸುತ್ತ ಚಾರ್ಜರ್‌ಗಳನ್ನು ನಿಲ್ಲಿಸಿದ ಜಾಗ. ಕಾಯುವವರು ಕಟ್ಟೆಯ ಮೇಲೆ ಮಲಗುತ್ತಾರೆ. ಸರದಿ ನೋಡಿ ಎಬ್ಬಿಸುವ ಹೆಂಗಸಿಗೆ ಪಾಳಿಗಿತ್ತಿ ಎಂದು ಹೆಸರು. ನಮ್ಮ ಪಾಳಿಗಿತ್ತಿ ಹುಸೇನಬಿಗೆ ಎಪ್ಪತ್ತೊಂಬತ್ತು ವರ್ಷ. ಬರುವ ವರ್ಷ ಎಂಬತ್ತು ತುಂಬಿದರೆ ತನ್ನನ್ನೂ ಪ್ಲಗ್ಗಿನಿಂದ ಬಿಡಿಸಿ ಬೇರೆಯವರಿಗೆ ಜಾಗ ಮಾಡಿಕೊಡಿ ಎಂದು ತಾನೇ ಚೇಷ್ಟೆ ಮಾಡುತ್ತಾಳೆ.

ಈ ಚೇಷ್ಟೆ ನಿಮಗೆ ತಿಳಿಯಬೇಕಾದರೆ ಒಂದು ಪದ ಹೇಳಬೇಕು. ನಮ್ಮಲ್ಲಿ ಎಂಬತ್ತು ಎಂದರೆ ‘ಸಾಕು’ ಎಂದು ಅರ್ಥ. ಊಟಕ್ಕೆ ಕೂತವರಿಗೆ ಇನ್ನೊಂದು ರೊಟ್ಟಿ ನೀಡಲು ಹೋದರೆ ಎಲೆಗೆ ಕೈ ಅಡ್ಡ ಹಿಡಿದು “ಎಂಬತ್ತ್ ಆತ್ರಿ” ಎನ್ನುತ್ತಾರೆ. ಭಾಷಣ ಉದ್ದವಾದರೆ ಹಿಂದಿನ ಸಾಲಿನಿಂದ ಯಾರೋ “ಎಂಬತ್ತು” ಎಂದು ಕೆಮ್ಮುತ್ತಾರೆ. ಎಷ್ಟಿದ್ದರೂ ಸಾಲದವನಿಗೆ ನೂರಪ್ಪ ಎಂಬ ಹೆಸರು ಬೀಳುತ್ತದೆ, ಹೆಂಗಸಾದರೆ ನೂರವ್ವ. ಪಾಳಿಕಟ್ಟೆಯಲ್ಲಿ ಯಾರೂ ಬಂಡಿಯನ್ನು ನೂರಕ್ಕೆ ಎಂಬತ್ತರ ಮೇಲೆ ತುಂಬಿಸುವುದಿಲ್ಲ. ಕೊನೆಯ ಇಪ್ಪತ್ತು ತುಂಬಲು ಹಿಡಿಯುವ ಹೊತ್ತಿನಲ್ಲಿ ಇನ್ನೊಬ್ಬರ ಬಂಡಿ ಹೊರಡುವಷ್ಟು ತುಂಬುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಮಲಗುವ ಮೊದಲು ಪ್ರತಿಯೊಬ್ಬರೂ ಬಂಡಿಯ ಗಾಜಿಗೆ ಒಂದು ಚೀಟಿ ಸಿಕ್ಕಿಸುತ್ತಾರೆ. ಅದರಲ್ಲಿ ಎರಡೇ ಪದ: ಎಂಬತ್ತಕ್ಕೆ ಎಬ್ಬಿಸಿ.

ಆ ಎರಡು ಪದ ನಿಮ್ಮವು, ಅಜ್ಜಿ. ಅರವತ್ತೊಂಬತ್ತನೆಯ ಪುಟ ಅರ್ಧ ಹರಿದಿದೆ. ಹರಿದದ್ದು ಯಾಕೆಂದು ಉಳಿದ ಅರ್ಧದಲ್ಲಿ ನೀವೇ ಬರೆದಿದ್ದೀರಿ.

ನಿಮ್ಮ ತಾಯಿ ಹೋದ ಮೇಲೆ ನಿಮ್ಮನ್ನು ಸಾಕಿದ ಗಿರಿಜವ್ವ ಚಿಗವ್ವ ಮಾನ್ವಿಯಲ್ಲಿ ತೀರಿಕೊಂಡ ದಿನ ನೀವು ಬೆಳಿಗ್ಗೆಯೇ ಹೊರಟಿರಿ. ಹಿಂದಿನ ದಿನ ನೀವಿಲ್ಲದ ಹೊತ್ತಿನಲ್ಲಿ ಗುರುಪಾದಪ್ಪನವರು ನಿಮ್ಮ ವೈರು ತೆಗೆಸಿದ್ದರು. ಕಾರಿನಲ್ಲಿ ಇದ್ದ ಚಾರ್ಜ್ ನೂರಕ್ಕೆ ಐವತ್ತೆಂಟು. ಗಂಗಾವತಿ ದಾಟಿದ ಮೇಲೆ ಒಂದು ಖಾನಾವಳಿಯ ಮುಂದೆ ಒಂದೇ ಒಂದು ಚಾರ್ಜರ್ ಇತ್ತು, ಅದಕ್ಕೆ ಬಿಳಿ ಕಾರೊಂದು ಸಿಕ್ಕಿಸಿಕೊಂಡು ನಿಂತಿತ್ತು. ಅದರ ಪರದೆಯ ಮೇಲೆ ಎಂಬತ್ತೆರಡು. ನೀವು ಒಳಗೆ ಹೋಗಿ ಊಟ ಮಾಡುತ್ತಿದ್ದವರನ್ನು ಕೇಳಿಕೊಂಡಿರಿ, ಮಣ್ಣಿಗೆ ಹೋಗಬೇಕು ಎಂದೂ ಹೇಳಿದಿರಿ. ಅವರು ತಲೆಯೆತ್ತದೆ ಹೇಳಿದ ಮಾತು ಇಲ್ಲಿದೆ: “ನೂರ್ ಆಗ್ಲಿ ತಡೀರಿ ಮೇಡಂ, ಅಷ್ಟ್ರಾಗ ನಮ್ದ್ ಊಟಾನೂ ಮುಗೀತೈತಿ.” ಐವತ್ತು ನಿಮಿಷ ನೀವು ಆ ಪರದೆಯ ಮುಂದೆ ನಿಂತಿರಿ. ಮಾನ್ವಿ ಮುಟ್ಟಿದಾಗ ಜನ ಕೈಕಾಲು ತೊಳೆದುಕೊಂಡು ಬರುತ್ತಿದ್ದರು. ಚಿಗವ್ವನ ಮುಖ ನಿಮಗೆ ಸಿಗಲಿಲ್ಲ.

ಇಷ್ಟೇ ಆಗಿದ್ದರೆ ನೀವು ಕಾರು ಮಾರುವುದನ್ನು ನಾನೂ ಬೇಡ ಎನ್ನುತ್ತಿರಲಿಲ್ಲ.

ಆದರೆ ಮೂರನೆಯ ದಿನ ವಾಪಸು ಬರುವಾಗ ಅದೇ ಖಾನಾವಳಿ, ಅದೇ ಚಾರ್ಜರ್, ಮಧ್ಯಾಹ್ನದ ಹೊತ್ತು. ಯಾರೂ ಇರಲಿಲ್ಲ. ಕಾರಿಗೆ ಪ್ಲಗ್ಗು ಸಿಕ್ಕಿಸಿ ಸೀಟು ಹಿಂದೆ ಮಾಡಿ ಕಣ್ಣು ಮುಚ್ಚಿದಿರಿ. ಮೂರು ದಿನದ ನಿದ್ದೆ ಒಟ್ಟಿಗೆ ಬಂತು. ಎಚ್ಚರವಾದಾಗ ಪರದೆಯ ಮೇಲೆ ತೊಂಬತ್ತೇಳು. ಬೇವಿನ ಮರದ ಕೆಳಗೆ ಮೌಲಾಲಿ ಎಂಬ ಬಾಡಿಗೆ ಕಾರಿನವ, ಅವನ ಹೆಂಡತಿ, ಅವಳ ಮಡಿಲಲ್ಲಿ ಜ್ವರ ಬಂದ ಕೂಸು. ಕೊಪ್ಪಳದ ದವಾಖಾನೆಗೆ ಹೊರಟವರು. ಪಿಸ್ತೂಲಿನಂಥ ಆ ಪ್ಲಗ್ಗು ನಿಮ್ಮ ಕಾರಿಗೆ ಕಚ್ಚಿ ಲಾಕ್ ಆಗಿತ್ತು, ನೀವು ಏಳದೆ ಬಿಡಿಸಲು ಬರುವಂತಿರಲಿಲ್ಲ. ಮುಕ್ಕಾಲು ಗಂಟೆಯಿಂದ ಅವರು ಅಲ್ಲಿ ಕೂತಿದ್ದರು. ಗಾಜು ಬಡಿಯಬಾರದಿತ್ತೇ ಎಂದು ನೀವು ಕೇಳಿದ್ದಕ್ಕೆ ಮೌಲಾಲಿ ಅಂದದ್ದನ್ನು ನೀವು ಎರಡು ಸಲ ಬರೆದಿದ್ದೀರಿ, ಎರಡನೆಯ ಸಲ ದೊಡ್ಡ ಅಕ್ಷರದಲ್ಲಿ:

“ಅತ್ತು ಮಲಗಿದಂಗ ಕಂಡ್ರಿ ಅಕ್ಕಾರ. ಹೆಂಗ್ ಎಬ್ಬಿಸೂದು?”

ಅದರ ಕೆಳಗೆ ನಿಮ್ಮ ಒಂದೇ ಸಾಲು ಇದೆ. “ಆ ಊಟದವನೂ ನಾನೂ ಒಂದೇ.” ಇದನ್ನು ನಾನು ಒಪ್ಪುವುದಿಲ್ಲ. ಅವರು ಎಚ್ಚರವಿದ್ದು ಹೇಳಿದರು, ನೀವು ನಿದ್ದೆಯಲ್ಲಿ ಮಾಡಿದಿರಿ. ಆದರೆ ಕಾಯುವವರಿಗೆ ಆ ವ್ಯತ್ಯಾಸ ಯಾವ ಉಪಯೋಗಕ್ಕೂ ಬರುವುದಿಲ್ಲ ಎಂದು ನಿಮಗೆ ಅಲ್ಲಿಯೇ ಹೊಳೆಯಿತು. ಮರುಗಿ ಮನೆಗೆ ಹೋಗುವುದು ಸುಲಭವಿತ್ತು. ನೀವು ಹಾಗೆ ಮಾಡಲಿಲ್ಲ, ಪುಟದ ಅರ್ಧ ಹರಿದು ಬರೆದಿರಿ: “ಎಂಬತ್ತಕ್ಕೆ ಎಬ್ಬಿಸಿ. ಬೈಯುವುದಿಲ್ಲ.” ಅದನ್ನು ಗಾಜಿಗೆ ಅಂಟಿಸಿಕೊಂಡು ಗದಗಿಗೆ ಬಂದಿರಿ. ಬಂದು ನೋಡಿದರೆ ನೆಲಮಾಳಿಗೆಯ ಗೋಡೆಗೆ ಸಂಘದ ನೋಟೀಸು, ಇನ್ನು ಮುಂದೆ ಯಾರೂ ವೈರು ಇಳಿಬಿಡಕೂಡದು. ಮರುದಿನ ಹುಬ್ಬಳ್ಳಿಯವರಿಗೆ ಫೋನ್ ಮಾಡಿದಿರಿ.

ನಮ್ಮ ದೊಡ್ಡಪ್ಪನ ಮಗ ಚನ್ನವೀರಣ್ಣ ಈ ನೋಟುಬುಕ್ಕನ್ನು ನನಗೆ ಕೊಡುವಾಗ ನಕ್ಕ. “ಮಾರಿದ್ಲು ಬಿಡವಾ. ಇಲ್ಲಂದ್ರ ಮುಂದ ಯಾಕ್ ಬರೀಲಿಲ್ಲ?” ಎಂದ. ಚೀಟಿ ಎಲ್ಲೋ ಬೇರೆ ಊರಿನಲ್ಲಿ ಹುಟ್ಟಿರಬೇಕು, ಯಾವುದೋ ಸಮಿತಿ ಕೂತು ನಿಯಮ ಮಾಡಿರಬೇಕು ಎಂಬುದು ಅವನ ವಾದ. ಅವನಿಗೆ ಉತ್ತರ ಕೊಡಲು ನನ್ನ ಹತ್ತಿರ ದಾಖಲೆಯಿಲ್ಲ. ನನಗೆ ಗೊತ್ತಿರುವುದು ಇಷ್ಟು: ಒಂದು ಸಲ ಅಂಟಿಸಿದ ಚೀಟಿ ಪದ್ಧತಿಯಾಗುವುದಿಲ್ಲ. ಯಾರೋ ಒಬ್ಬರು ಮತ್ತೆ ಮತ್ತೆ ಅದನ್ನು ಅಂಟಿಸಿಕೊಂಡು ಊರೂರು ತಿರುಗಿರಬೇಕು. ಬೇರೆಯವರು ಓದಿ ನಕ್ಕಿರಬೇಕು, ನಕ್ಕವರಲ್ಲಿ ಒಬ್ಬರು ಮನೆಗೆ ಹೋಗಿ ತಾವೂ ಒಂದು ಬರೆದಿರಬೇಕು. ಅದಕ್ಕೆ ಕಾರು ಬೇಕು. ಗುರುಪಾದಪ್ಪನವರ ಜೊತೆ ಇನ್ನೂ ಹನ್ನೊಂದು ತಿಂಗಳು ಜಗಳವಾಡುವ ಹಟ ಬೇಕು. ಪದಗಳು ಕಾಗದದ ಮೇಲೆ ಉಳಿಯುವುದಕ್ಕಿಂತ ಹೆಚ್ಚಾಗಿ ಬಳಸುವವರ ಹಟದಲ್ಲಿ ಉಳಿಯುತ್ತವೆ ಎಂದು ನಾನು ನಂಬಿದ್ದೇನೆ.

ಹೋದ ವರ್ಷದ ತಗ್ಗುಗಾಳಿ ಹದಿನೇಳು ದಿನ ನಡೆಯಿತು. ಹನ್ನೆರಡನೆಯ ದಿನ, ಮಟಮಟ ಮಧ್ಯಾಹ್ನ, ನನ್ನ ತಮ್ಮನ ಹೆಂಡತಿ ಕಸ್ತೂರಿಗೆ ಹೆರಿಗೆ ನೋವು ಬಂತು, ಇನ್ನೂ ಒಂದು ತಿಂಗಳು ಇರುವಾಗಲೇ. ಹುಬ್ಬಳ್ಳಿಗೆ ಕರೆದೊಯ್ಯಿರಿ ಎಂದರು. ದವಾಖಾನೆಯ ಬಂಡಿ ಆಗತಾನೆ ಇನ್ನೊಬ್ಬರನ್ನು ಹೊತ್ತು ಹೋಗಿತ್ತು. ನಮ್ಮ ಓಣಿಬಂಡಿಯಲ್ಲಿ ಚಾರ್ಜ್ ಬರೀ ಒಂಬತ್ತು ಇತ್ತು. ಕಟ್ಟೆಯಲ್ಲಿ ಆವತ್ತು ಜೀವ ಇದ್ದದ್ದು ಒಂದೇ ಚಾರ್ಜರಿಗೆ, ಅದಕ್ಕೆ ರೋಣದ ಕಡೆಯ ಒಬ್ಬರ ಬಂಡಿ ಸಿಕ್ಕಿಸಿತ್ತು, ಅವರು ಬೇವಿನ ನೆರಳಿನಲ್ಲಿ ಬಾಯಿ ತೆರೆದು ಮಲಗಿದ್ದರು. ನಾನು ಅವರ ಹತ್ತಿರ ಹೋಗಿ ನಿಂತೆ, ನಿಮ್ಮ ಹಾಗೆಯೇ, ಪರದೆ ನೋಡುತ್ತ. ಹುಸೇನಬಿ ಬೇಡಿಕೊಳ್ಳಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಚೀಟಿ ನೋಡಿದಳು, ಭುಜ ಅಲುಗಿಸಿದಳು. ಆ ಮನುಷ್ಯ ಎದ್ದ, ಕಣ್ಣುಜ್ಜಿಕೊಂಡು ಪರದೆ ನೋಡಿದ, ಮುಖ ಸಿಂಡರಿಸಿದ. ಇನ್ನು ಬೈಯುತ್ತಾನೆ ಎಂದುಕೊಂಡೆ. ಬೈದ, ಹುಸೇನಬಿಗೆ: “ಎಂಬತ್ತೊಂದ್ ಆಗೈತಲ್ಲಬೇ. ಮೊದ್ಲ ಯಾಕ್ ಎಬ್ಬಿಸ್ಲಿಲ್ಲ?”

ಅರ್ಧ ಗಂಟೆಯಲ್ಲಿ ನಾವು ಹೊರಟೆವು. ಅವತ್ತು ಹುಟ್ಟಿದ ಹುಡುಗಿಗೆ ಈಗ ಹಲ್ಲು ಬಂದಿವೆ, ಕೈಗೆ ಸಿಕ್ಕವರನ್ನೆಲ್ಲ ಕಚ್ಚುತ್ತಾಳೆ. ಆ ರೋಣದವರ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೂ ನಮ್ಮ ಅವಸರ ಏನಿತ್ತೆಂದು ಗೊತ್ತಿಲ್ಲ. ಕೇಳಬೇಕಾದ ಅಗತ್ಯವೇ ಇಲ್ಲದಂತೆ ಯಾರೋ ಮೊದಲೇ ವ್ಯವಸ್ಥೆ ಮಾಡಿಟ್ಟಿದ್ದರು. ಗಂಗಾವತಿಯ ಆಚೆ ನಿಮಗೆ ಸಿಗದ ಐವತ್ತು ನಿಮಿಷ ಕಸ್ತೂರಿಗೆ ಸಿಕ್ಕಿತು. ಇದಕ್ಕಿಂತ ದೊಡ್ಡ ಸಾಕ್ಷಿ ಚನ್ನವೀರಣ್ಣನಿಗೆ ಬೇಕಾಗಬಹುದು, ನನಗೆ ಬೇಡ.

ಆದ್ದರಿಂದ ನಾಳೆ ಹತ್ತಕ್ಕೆ ಹುಬ್ಬಳ್ಳಿಯವರು ಬಂದಾಗ ಅವರಿಗೆ ಚಹಾ ಕೊಡಿ, ಕೀಲಿ ಕೊಡಬೇಡಿ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಹೋಗುತ್ತದೆ ಎಂದು ಅವರೂ ಕೇಳುತ್ತಾರೆ. ಈ ಸಲ ಬೇಸರಪಡದೆ ಉತ್ತರ ಹೇಳಿ: ನೂರ ನಲವತ್ತೈದು ವರ್ಷ. ಗುರುಪಾದಪ್ಪನವರಿಗೆ ಇನ್ನೊಂದು ಅರ್ಜಿ ಬರೆಯಿರಿ. ಅವರ ಪ್ರಶ್ನೆಗೆ, ಹೊಣೆ ನನ್ನದು ಎಂದು ಬರೆದು ಸಹಿ ಹಾಕಿ. ಚೀಟಿ ಬಿಸಿಲಿಗೆ ಬಣ್ಣಗೆಟ್ಟರೆ ಹೊಸದು ಅಂಟಿಸಿ. ಜನ ನಗುತ್ತಾರೆ, ನಗಲಿ. ಬೈಯುವುದಿಲ್ಲ ಎಂಬ ಎರಡನೆಯ ಸಾಲನ್ನು ಬೇಕಾದರೆ ಬಿಟ್ಟುಬಿಡಿ. ಅದು ನಮ್ಮವರೆಗೆ ಉಳಿದು ಬಂದಿಲ್ಲ, ನಾವು ಬೈಯುತ್ತೇವೆ.

ಪುಟದ ತಳಕ್ಕೆ ಬಂದಿದ್ದೇನೆ. ಮೂಲೆಯಲ್ಲಿ ನೀವೇ ಹಾಕಿಟ್ಟ ಅಂಕಿ ಕಾಣುತ್ತಿದೆ. ಇನ್ನೂ ಇಪ್ಪತ್ತು ಪುಟ ಖಾಲಿ ಇವೆ, ಹೇಳುವುದೂ ಬಹಳ ಇದೆ. ಆದರೆ ನಾನು ನೂರವ್ವ ಅಲ್ಲ. ಆ ಇಪ್ಪತ್ತನ್ನು ನಿಮಗೆ ಬಿಟ್ಟಿದ್ದೇನೆ.

ಅಜ್ಜಿ, ಎಂಬತ್ತಾಯಿತು. ಏಳಿ.

ನಿಮ್ಮ
ಮಧುಮತಿ